ಅವ್ವನ ಹೆಸರು 2002ರ ಮತದಾರರ ಪಟ್ಟಿಯಲ್ಲಿ ಸಿಕ್ಕಿದ್ದು

ಟಿವಿಯಲ್ಲಿ ಎಸ್‌ಐಆರ್, ಅಂದರೆ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯ ಸುದ್ದಿ ಶುರುವಾದಾಗಿನಿಂದ ಅವ್ವನದು ಒಂದೇ ಮಾತು: "ಹಳೇ ಪಟ್ಟೀಲಿ ನನ್ನೆಸ್ರು ಐತಾ ನೋಡ್ಲಾ." ನಮ್ಮ ರಾಜ್ಯದಲ್ಲಿ ಇಂಥ ತೀವ್ರ ಪರಿಷ್ಕರಣೆ ಹಿಂದೆ ನಡೆದದ್ದು 2002ರಲ್ಲಿ. ಹಾಗಾಗಿ ಹಳೇ ಪಟ್ಟಿ ಎಂದರೆ ಆ ವರ್ಷದ್ದು.

ಈಗಿನ ಪಟ್ಟಿ ನೋಡೋದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲಿ ಅವ್ವನ ಎಪಿಕ್ ಸಂಖ್ಯೆ, ಅಂದರೆ ಗುರುತಿನ ಚೀಟಿಯ ಮೇಲಿನ ಮೂರಕ್ಷರ ಏಳಂಕಿ ಹಾಕಿ, ಕ್ಯಾಪ್ಚಾ ತುಂಬಿದೆ. ಕ್ಷೇತ್ರ, ಭಾಗದ (ಅಂದರೆ ಒಂದು ಬೂತಿನ ಪಟ್ಟಿಯ) ಸಂಖ್ಯೆ, ಕ್ರಮಸಂಖ್ಯೆ ಮೂರೂ ಬಂದವು. ಚೀಟಿ ಇಲ್ಲದವರು ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು ಕೊಟ್ಟೂ ಹುಡುಕಬಹುದು. ಫೋನಲ್ಲೇ ಕೇಳುವವರಿಗೆ 1950 ಸಹಾಯವಾಣಿ ಇದೆ.

ಹಳೆಯದು ಮಾತ್ರ ಎರಡು ರಾತ್ರಿ ತಿಂದಿತು. ತಪ್ಪು ನನ್ನದೇ. ನಮ್ಮೂರು ಕನಕಪುರ ತಾಲ್ಲೂಕು, ಸಾತನೂರು ಹೋಬಳಿ. ನಾನು ಸೀದಾ ಕನಕಪುರ ಕ್ಷೇತ್ರದ ಪಿಡಿಎಫ್‌ಗಳನ್ನು ಒಂದೊಂದಾಗಿ ಇಳಿಸಿಕೊಂಡು ಕೂತೆ. ನಮ್ಮೂರೇ ಇಲ್ಲ! ಫೋನ್ ಮಾಡಿದರೆ ಅವ್ವ ನಕ್ಕಳು: "ಆಗ ನಾವು ಸಾತನೂರು ಕ್ಷೇತ್ರ ಅಲ್ವೇನ್ಲಾ?" 2008ರ ಚುನಾವಣೆಗೆ ಮುಂಚೆ ಕ್ಷೇತ್ರ ಮರುವಿಂಗಡಣೆಯಾಗಿ ಸಾತನೂರು ಕ್ಷೇತ್ರವೇ ಹೋಯಿತು. ಡಿ.ಕೆ. ಶಿವಕುಮಾರ್ 2004ರವರೆಗೆ ಸಾತನೂರಿನಿಂದ, ಆಮೇಲೆ ಕನಕಪುರದಿಂದ ನಿಂತದ್ದು ಅದಕ್ಕೇ. ಇಷ್ಟೂ ಗೊತ್ತಿದ್ದ ನನಗೆ ಹುಡುಕುವಾಗ ಹೊಳೆಯಲಿಲ್ಲ.

ಜಿಲ್ಲೆಯದೂ ಇದೇ ಕಥೆ. 2002ರಲ್ಲಿ ನಾವು ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಿಂದ ಬೆಂಗಳೂರು ದಕ್ಷಿಣ. ಕೂತ ಜಾಗ ಬಿಟ್ಟು ಅಲುಗಾಡದ ಊರಿಗೆ ಮೂರು ವಿಳಾಸ.

ಸರಿಯಾದ ಕ್ಷೇತ್ರ ಹಿಡಿದ ಮೇಲೂ ಕಂಟ್ರೋಲ್ ಎಫ್ ಒತ್ತಿ ಪ್ರಯೋಜನವಿರಲಿಲ್ಲ. ನಾನು ಇಳಿಸಿಕೊಂಡ ಕಡತ ಸ್ಕ್ಯಾನ್ ಮಾಡಿದ್ದು, ಅಕ್ಷರವೆಲ್ಲ ಚಿತ್ರ. ಆಗ ಹೆಸರು ಹುಡುಕುವುದು ಬಿಟ್ಟು ಬೂತ್ ಹುಡುಕಿದೆ. ಪ್ರತಿ ಭಾಗದ ಮೊದಲ ಪುಟದಲ್ಲಿ ಯಾವ ಊರು, ಯಾವ ಶಾಲೆ ಎಂದು ಇರುತ್ತದೆ. ಅದನ್ನಷ್ಟೇ ನೋಡುತ್ತಾ ಹೋದರೆ ಬೇಗ ಮುಗಿಯುತ್ತದೆ. ನಮ್ಮ ಶಾಲೆ ಸಿಕ್ಕಿತು. ಒಳಗೆ ಹೆಸರುಗಳಿರುವುದು ಅಕಾರಾದಿಯಲ್ಲಲ್ಲ, ಮನೆಯ ಸಾಲಿನಲ್ಲಿ. ಅರಳಿಕಟ್ಟೆಯಿಂದ ನಮ್ಮ ಬೀದಿಗೆ ನಡೆದು ಬಂದ ಹಾಗೇ ಓದಿದೆ: ಅಂಗಡಿಯವರು, ಆಚಾರ್ರ ಮನೆ, ದೊಡ್ಡಪ್ಪನ ಮನೆ. ತೀರಿಹೋದ ಎಷ್ಟೋ ಜನ ಅಲ್ಲಿ ಮೂವತ್ತು ನಲವತ್ತರ ವಯಸ್ಸಿನಲ್ಲೇ ಇದ್ದರು. ದೊಡ್ಡಪ್ಪನ ಕೆಳಗೆ ಅಪ್ಪ, ಅಪ್ಪನ ಕೆಳಗೆ ಅವ್ವ. ನನಗಾಗ 16, ನನ್ನ ಹೆಸರಿಲ್ಲ.

ಅವ್ವನನ್ನು ಊರವರು ಕರೆಯುವ ಹೆಸರಿನ ಮೊದಲಿಗೆ ಪಟ್ಟಿಯಲ್ಲಿ ಒಂದು 'ಚಿಕ್ಕ' ಅಂಟಿಕೊಂಡಿತ್ತು. ಹೆಸರಿನಿಂದ ಹುಡುಕಿದ್ದರೆ ದಾಟಿಹೋಗುತ್ತಿದ್ದೆ, ಗಂಡನ ಹೆಸರಿನ ಕಾಲಂ ಉಳಿಸಿತು. ವಯಸ್ಸು ಆರು ವರ್ಷ ಕಮ್ಮಿ. ಬರೆಸುವಾಗ ಅಂದಾಜಿಗೆ ಹೇಳಿದ್ದು ತಾನೇ ಅಂತ ಅವ್ವ ಒಪ್ಪಿಕೊಂಡಳು.

ಹೆಸರು ಕಂಡ ಖುಷಿಗೆ ಕಡತ ಮುಚ್ಚಬೇಡಿ. ಕೊನೆಯಲ್ಲಿ ಪೂರಕ ಪಟ್ಟಿ ಇದ್ದರೆ, ಸೇರಿಸಿದ್ದು ತೆಗೆದದ್ದು ಅಲ್ಲಿರುತ್ತದೆ. ಈಗಿನ ಪಟ್ಟಿಯಲ್ಲಿ ತಿದ್ದುಪಡಿಗೂ ಮನೆ ಬದಲಾವಣೆಗೂ ನಮೂನೆ 8, ಹೆಸರೇ ಇಲ್ಲದಿದ್ದರೆ ನಮೂನೆ 6.

ಒಂದು ಮುಜುಗರವನ್ನೂ ಹೇಳಿಬಿಡುತ್ತೇನೆ. ಇಡೀ ಊರಿನ ಹೆಂಗಸರ ವಯಸ್ಸು, ಯಾರ ಮನೆಯಲ್ಲಿ ಯಾರು ಎಂಬುದೆಲ್ಲ ಯಾರು ಬೇಕಾದರೂ ನೋಡಬಹುದು. ಆನ್‌ಲೈನ್ ಪಟ್ಟಿಯಲ್ಲಿ ಫೋಟೋ ಹಾಕದಿರುವುದು ಒಳ್ಳೆಯದೇ ಆಯಿತು. ನಾನು ನಮ್ಮ ಮನೆಯ ಎರಡು ಸಾಲನ್ನಷ್ಟೇ ಬರೆದುಕೊಂಡೆ, ವಾಟ್ಸಾಪ್ ಗುಂಪಿಗೆ ಪುಟ ಹಾಕಲಿಲ್ಲ.

ಭಾಗದ ಸಂಖ್ಯೆ, ಕ್ರಮಸಂಖ್ಯೆ ಹೇಳಿದಾಗ ಅವ್ವ ಕ್ಯಾಲೆಂಡರ್ ಹಿಂದೆ ಬರೆಸಿಟ್ಟಳು. ಆಮೇಲೆ ದನಿ ತಗ್ಗಿಸಿ, "ಎದುರು ಮನೆ ಅಜ್ಜಿ ಚೀಟಿನೇ ಕಳ್ಕೊಂಡದೆ, ಅದ್ರುದೂ ನೋಡ್ತೀಯಾ?" ಅಂದಳು. ಪುಟ ಇನ್ನೂ ತೆರೆದೇ ಇತ್ತು. ನಮ್ಮಿಂದ ನಾಲ್ಕು ಸಾಲು ಕೆಳಗೆ ಅಜ್ಜಿ ಇದ್ದರು.