13ನೇ ತಿಂಗಳು: ನಿರಾಶ್ರಿತ ಕುಟುಂಬಗಳ ಜೊತೆ ನಮ್ಮ ಚರ್ಚಿನ ಅನುಭವ

ಕೆನಡಾದಲ್ಲಿ ನಿರಾಶ್ರಿತರನ್ನು ಸ್ಪಾನ್ಸರ್ ಮಾಡಿದವರಿಗೆಲ್ಲ 13ನೇ ತಿಂಗಳು ಅಂದರೆ ಏನು ಅಂತ ಗೊತ್ತು. ಕರೆಸಿಕೊಂಡ ಕುಟುಂಬವನ್ನು ನೋಡಿಕೊಳ್ಳುತ್ತೇವೆ ಅಂತ ಸರ್ಕಾರಕ್ಕೆ ನಾವು ಬರೆದುಕೊಟ್ಟ ಜವಾಬ್ದಾರಿ 12 ತಿಂಗಳಿಗೆ ಮುಗಿಯುತ್ತದೆ. ಮರುದಿನದಿಂದ ಬಾಡಿಗೆ ಅವರದು, ದಿನಸಿ ಅವರದು. ಒಂಟಾರಿಯೊದ ನಮ್ಮ ಚರ್ಚು ಇಲ್ಲಿಯವರೆಗೆ ಮೂರು ಕುಟುಂಬಗಳನ್ನು ಕರೆಸಿಕೊಂಡಿದೆ. ಮೂರನೇ ಸಲ ನಮ್ಮ ಲೆಕ್ಕ ಸರಿಯಾಯಿತು. ದುಡ್ಡು, ಜವಾಬ್ದಾರಿ ಮೊದಲಿಂದಲೇ ಕುಟುಂಬದ ಕೈಗೆ ಕೊಡೋದು ನಡೆಯೋದಿಲ್ಲ ಅಂದಿದ್ದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತಿದ್ದನ್ನು ಹೇಳಬೇಕು. 2016ರ ಫೆಬ್ರವರಿ. 25 ಸಾವಿರ ಸಿರಿಯನ್ನರನ್ನು ಕರೆತರುವ ಗಡಿಬಿಡಿ. ಎರಡೇ ತಿಂಗಳಲ್ಲಿ ಸುಮಾರು 35 ಸಾವಿರ ಡಾಲರ್ ಕೂಡಿತು. ಸೋಫಾಗಳೇ ಒಂಬತ್ತು ಬಂದವು. ಅವನ್ನಿಡಲು ತಿಂಗಳಿಗೆ 180 ಡಾಲರ್ ಕೊಟ್ಟು ಗೋದಾಮು ಹಿಡಿದೆವು, ಸುಮ್ನೆ ದಂಡ. ಬಂದ ಕುಟುಂಬದಲ್ಲಿ ಅಪ್ಪ, ಅಮ್ಮ, ನಾಲ್ಕು ಮಕ್ಕಳು. ಬಾಡಿಗೆ ಚೆಕ್ ನಾವೇ ಬರೆದೆವು. ಹೈಡ್ರೋ ಬಿಲ್ ನಾವೇ ಕಟ್ಟಿದೆವು (ಇಲ್ಲಿ ಕರೆಂಟ್ ಬಿಲ್ಲಿಗೆ ಹಾಗೇ ಹೇಳೋದು). ಕಾಗದ ಬಂದರೆ ಒಡೆದು ಓದುವವರೂ ನಾವೇ. ವರ್ಷ ತುಂಬಿದ ದಿನ ಕೇಕ್ ಕತ್ತರಿಸಿ, ಫೋಟೋ ತೆಗೆದು ಬಂದುಬಿಟ್ಟೆವು.

ಜುಲೈನಲ್ಲಿ ಆ ತಾಯಿ ಫೋನ್ ಮಾಡಿದರು. ಸರ್ಕಾರ ಕೊಡುವ ಮಕ್ಕಳ ಭತ್ಯೆ ನಿಂತುಹೋಗಿತ್ತು. ತಿಂಗಳಿಗೆ ಸಾವಿರದ ಎಂಟುನೂರು ಡಾಲರಿನ ಆಸುಪಾಸು, ಅವರ ಬಾಡಿಗೆಗಿಂತ ಜಾಸ್ತಿ. ಏಪ್ರಿಲ್ ಒಳಗೆ ಟ್ಯಾಕ್ಸ್ ರಿಟರ್ನ್ ತುಂಬದಿದ್ದರೆ ಜುಲೈಯಿಂದ ಭತ್ಯೆ ಬರುವುದಿಲ್ಲ. ಮನೆಗೆ ಹೋದೆ. ಅಡುಗೆಮನೆಯ ಡ್ರಾಯರ್ ಎಳೆದು ತೋರಿಸಿದರು. ಸರ್ಕಾರದಿಂದ ಬಂದ ಕಂದು ಬಣ್ಣದ ಕವರುಗಳು, ಒಂದೂ ಒಡೆದಿರಲಿಲ್ಲ, ರಬ್ಬರ್ ಬ್ಯಾಂಡ್ ಹಾಕಿ ಜೋಪಾನವಾಗಿ ಇಟ್ಟಿದ್ದರು. ನಾವು ಬಂದು ಓದುತ್ತೇವೆ ಅಂತ ಕಾದಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ಕುಟುಂಬದ ಹೊತ್ತಿಗೆ ಅರ್ಧ ಕಲಿತಿದ್ದೆವು, ಆಮೇಲೆ ಕೊರೋನಾ ಬಂತು. ಅದರ ಕಥೆ ಬೇಡ.

ಮೂರನೆಯವರು ಎರಿಟ್ರಿಯಾದ ಒಬ್ಬ ತಾಯಿ, ಇಬ್ಬರು ಮಕ್ಕಳು. ಸುಡಾನ್‌ನಿಂದ 2022ರ ಮೇನಲ್ಲಿ ಬಂದರು. ಈ ಸಲ ನಾನು ಹಟ ಹಿಡಿದೆ. ದುಡ್ಡು ಮೊದಲ ತಿಂಗಳಿಂದಲೇ ಅವರ ಖಾತೆಗೆ ಹೋಗಬೇಕು. ತಿಂಗಳಿಗೊಂದು ಕೆಲಸ ಅವರ ಕೈಗೆ ಹೋಗಬೇಕು: ಮೊದಲು ಬಸ್ಸು, ಆಮೇಲೆ ಕ್ಲಿನಿಕ್ ಅಪಾಯಿಂಟ್‌ಮೆಂಟು, ನಾಲ್ಕನೇ ತಿಂಗಳು ಹೈಡ್ರೋ, ಆರನೇ ತಿಂಗಳು ಬಾಡಿಗೆ. ಕೂಡಿಸಿದ ಹಣದಲ್ಲಿ 6 ಸಾವಿರವನ್ನು ಮೊದಲ ವರ್ಷ ಮುಟ್ಟುವ ಹಾಗಿಲ್ಲ. ಚರ್ಚಿನ ಎರಡು ಮನೆಯವರು ಪೂರ್ತಿ ಮೂರು ವರ್ಷ ಅವರ ಜೊತೆಗಿರಬೇಕು, ಯಾಕೆಂದರೆ ಸಿಟಿಜನ್‌ಶಿಪ್ ಅರ್ಜಿಗೆ ಕೆನಡಾದಲ್ಲಿ 1095 ದಿನ ಇದ್ದಿರಬೇಕು.

ಕಮಿಟಿಯಲ್ಲಿ ಒಪ್ಪಿದವರು ಇಬ್ಬರೇ. ಎರಡನೇ ತಿಂಗಳಲ್ಲೇ ಆಕೆ 600 ಡಾಲರ್ ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿದ್ದ ತಮ್ಮನಿಗೆ ಕಳಿಸಿದಾಗ ದೊಡ್ಡ ಗಲಾಟೆಯೇ ಆಯಿತು. "ನೋಡಿ, ಹೇಳಿರಲಿಲ್ವಾ?" ಅಂದರು. ನಾನು ಈ ದೇಶಕ್ಕೆ ಬಂದ ಮೊದಲ ಸಂಬಳದಲ್ಲಿ ಉಡುಪಿಗೆ ದುಡ್ಡು ಕಳಿಸಿದ್ದೆ, ಅದನ್ನು ಯಾರೂ ತಪ್ಪು ಅನ್ನಲಿಲ್ಲ ಅಂದೆ. ಆಕೆಯ ಜೊತೆ ಕೂತು ಲೆಕ್ಕ ಬರೆದೆವು. ಮುಂದಿನ ತಿಂಗಳಿಂದ ತಮ್ಮನಿಗೆ ನೂರು, ಅದೂ ಬಾಡಿಗೆ ತೆಗೆದಿಟ್ಟ ಮೇಲೆ. ಆ ಲೆಕ್ಕ ಆಮೇಲೆ ಒಮ್ಮೆಯೂ ತಪ್ಪಲಿಲ್ಲ.

ನಮ್ಮ ಕರಾರು ಮುಗಿಯಲು ಮೂರ್ನಾಲ್ಕು ವಾರ ಇತ್ತು. 2023ರ ಏಪ್ರಿಲ್ 15ಕ್ಕೆ ಖಾರ್ಟೂಮಿನಲ್ಲಿ ಯುದ್ಧ ಶುರುವಾಯಿತು. ತಮ್ಮನ ಫೋನ್ ಸತ್ತುಹೋಯಿತು. ಹತ್ತೊಂಬತ್ತು ದಿನ ಸುದ್ದಿಯೇ ಇಲ್ಲ. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಆಗಷ್ಟೇ ಸಿಕ್ಕ ಕೆಲಸಕ್ಕೆ ಆಕೆ ಹೋಗಲಾರದೆ ಹೋದರು. ಹಳೆಯ ಪದ್ಧತಿಯಲ್ಲಾಗಿದ್ದರೆ ನಾವು ಆಗ ಕೇಕ್ ಆರ್ಡರ್ ಮಾಡುತ್ತಿದ್ದೆವು. ತೆಗೆದಿಟ್ಟ 6 ಸಾವಿರದಲ್ಲಿ 13ನೇ ತಿಂಗಳ ಬಾಡಿಗೆ ಹೋಯಿತು. ನನ್ನ ಹೆಂಡತಿ ದಿನಾ ಸಂಜೆ ಅಲ್ಲಿ ಹೋಗಿ ಕೂತಳು. ಆಕೆಯ ತಮ್ಮ ಗಡಿ ದಾಟಿ ಫೋನ್ ಮಾಡಿದ ಮೇಲೆ ಆಕೆ ಮತ್ತೆ ಕೆಲಸಕ್ಕೆ ಹೋದರು.

ಈ ಸಲ ಒಂದಷ್ಟು ದುಡ್ಡು ಕೂಡಿಸಿದ್ದು ನಮ್ಮೂರಿನ ದಾರಿಯಲ್ಲಿ. ಬೆಳೆಹಬ್ಬದ ಹರಾಜು, ಅಂದರೆ ಜನ ಚರ್ಚಿಗೆ ತಂದುಕೊಟ್ಟ ಬೆಳೆಯನ್ನು ಕೂಗಿ ಮಾರುವುದು! ಕರಾವಳಿಯ ಚರ್ಚುಗಳಲ್ಲಿ ಒಂದು ಹಲಸಿನಹಣ್ಣಿಗೆ ಹೇಗೆ ಕೂಗುತ್ತಾರೆ ಅಂತ ನೋಡಿದ್ದೀರಲ್ವಾ? ಇಲ್ಲಿನವರಿಗೆ ಅದು ಹೊಸದು. ಒಂದು ಕುಂಬಳಕಾಯಿ 310 ಡಾಲರಿಗೆ ಹೋಯಿತು. ಒಟ್ಟು ಏಳು ಸಾವಿರದ ಚಿಲ್ಲರೆ ಬಂತು.

ನಡುವೆ ಕಾಫಿಯ ಪ್ರಯೋಗವೂ ಆಯಿತು. ಎರಿಟ್ರಿಯಾದವರು ಹಸಿ ಬೀಜವನ್ನು ಮನೆಯಲ್ಲೇ ಹುರಿದು, ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕಾಯಿಸುತ್ತಾರೆ. ಊರಿಂದ ಬಂದ ಚಿಕ್ಕಮಗಳೂರಿನ ಹಸಿ ಬೀಜ ಕೊಟ್ಟೆ. ಅಪಾರ್ಟ್‌ಮೆಂಟಿನ ಹೊಗೆ ಅಲಾರಂ ಹೊಡೆದುಕೊಂಡಿತು, ಇಡೀ ಮಹಡಿಯವರು ಹೊರಗೆ ಬಂದರು. ಆವತ್ತೇ ಆಕೆಗೆ ಅಕ್ಕಪಕ್ಕದವರ ಪರಿಚಯ ಆಗಿದ್ದು. ಆಮೇಲೆ ತಿಂಗಳಿಗೊಮ್ಮೆ ಚರ್ಚಿನ ಹಾಲ್‌ನಲ್ಲಿ ಹುರಿದೆವು.

ಕ್ರೆಡಿಟ್ ಸ್ಕೋರ್ ಇಲ್ಲದವರಿಗೆ ಮನೆ ಹೇಗೆ ಸಿಕ್ಕಿತು ಅಂತ ತುಂಬಾ ಜನ ಕೇಳುತ್ತಾರೆ. ಅದನ್ನು ಬರೆಯುವುದಿಲ್ಲ. ಆ ಮಾಲೀಕರ ಹತ್ತಿರ ಇರುವುದು ಐದಾರು ಮನೆ, ನಮ್ಮ ಮುಂದಿನ ಕುಟುಂಬಕ್ಕೆ ಬೇಕು.

ಮೊದಲ ವರ್ಷ ಟ್ಯಾಕ್ಸ್ ನಾವು ತುಂಬಿದೆವು, ಆಕೆ ನೋಡಿದರು. ಎರಡನೇ ವರ್ಷ ಆಕೆ ತುಂಬಿದರು, ನಾವು ನೋಡಿದೆವು. ಮೂರನೇ ವರ್ಷ ನಾನು ಫೋನ್ ಮಾಡುವಷ್ಟರಲ್ಲಿ ಮುಗಿಸಿ ಕೂತಿದ್ದರು. ಸಿಟಿಜನ್‌ಶಿಪ್ ಅರ್ಜಿಯೂ ಹೋಗಿದೆ.

ನಾಲ್ಕನೇ ಕುಟುಂಬದ ಅರ್ಜಿ ಹಾಕಿ ಒಂದೂವರೆ ವರ್ಷ ಆಗುತ್ತಾ ಬಂತು, ಇನ್ನೂ ಸುದ್ದಿ ಇಲ್ಲ. ಕಮಿಟಿಯಲ್ಲಿ ಈ ಸಲ ಎರಿಟ್ರಿಯಾದ ಆ ತಾಯಿಯೂ ಇದ್ದಾರೆ. ಹರಾಜಿಗೆ ಚರ್ಚಿನ ಹಿತ್ತಲಲ್ಲಿ ಕುಂಬಳ ಹಾಕಿದ್ದೇವೆ.