ರೆವಿಟ್‌ನಲ್ಲಿ ತಂಡದ ಕೆಲಸಕ್ಕೆ ಕಟ್ಟಡದ ಮಾಡೆಲ್ ಅಣಿಗೊಳಿಸುವ ಕ್ರಮ

ಕಟ್ಟಡಗಳ ಮೂರು ಆಯಾಮದ ಮಾಡೆಲ್ ತಯಾರಿಸುವ ತಂತ್ರಾಂಶವಾದ ರೆವಿಟ್‌ನಲ್ಲಿ ಹತ್ತು ಮಂದಿ ಸೇರಿ ಒಂದೇ ಕಟ್ಟಡವನ್ನು ರೂಪಿಸುವಾಗ ಬರುವ ತೊಡಕುಗಳಲ್ಲಿ ಹೆಚ್ಚಿನವು ತಂತ್ರಾಂಶದ ದೋಷಗಳಲ್ಲ. ಯಾವ ಭಾಗ ಯಾರ ಕೈಯಲ್ಲಿರಬೇಕು ಎಂಬುದನ್ನು ಮೊದಲ ಗೋಡೆ ಎಳೆಯುವ ಮುನ್ನ ತೀರ್ಮಾನಿಸದೆ ಹೋದದ್ದರ ಫಲ.

ಆರ್ಕಿಟೆಕ್ಚರ್, ಸ್ಟ್ರಕ್ಚರ್ ಮತ್ತು ಎಂಇಪಿಗೆ (ಯಾಂತ್ರಿಕ, ವಿದ್ಯುತ್, ಕೊಳಾಯಿ ವ್ಯವಸ್ಥೆಗಳು) ಬೇರೆ ಬೇರೆ ಫೈಲ್ ಇಟ್ಟುಕೊಂಡು ಒಂದನ್ನೊಂದು ಲಿಂಕ್ ಮಾಡುವುದು ವಾಡಿಕೆ. ಫೈಲ್ ಭಾರವಾಯಿತೆಂದು ಮಹಡಿವಾರು ಒಡೆಯಬೇಡಿ, ಏಕೆಂದರೆ ಮೆಟ್ಟಿಲು, ಲಿಫ್ಟ್ ಶಾಫ್ಟ್, ಪೈಪುಗಳು ಮಹಡಿಯಿಂದ ಮಹಡಿಗೆ ಹಾದುಹೋಗುತ್ತವೆ. ಒಂದೇ ಪೋಡಿಯಂ (ಅಗಲವಾದ ತಳಕಟ್ಟಡ) ಮೇಲೆ ಎರಡು ಟವರ್‌ಗಳಿದ್ದರೆ ಟವರ್‌ವಾರು ಒಡೆಯಬಹುದು. ಲಿಂಕ್‌ಗಳನ್ನು ‘ಓವರ್‌ಲೇ’ ಆಗಿಯೇ ಇಡಿ. ‘ಅಟ್ಯಾಚ್‌ಮೆಂಟ್’ ಆಗಿಟ್ಟರೆ ನಿಮ್ಮ ಮಾಡೆಲ್ ಲಿಂಕ್ ಮಾಡಿಕೊಂಡವರ ಕಡೆಗೂ ಅವು ಬೆನ್ನುಹತ್ತಿ ಹೋಗುತ್ತವೆ.

ಅತಿ ಹೆಚ್ಚು ಎಚ್ಚರ ಬೇಕಾದದ್ದು ನಿರ್ದೇಶಾಂಕಗಳಲ್ಲಿ. ಸರ್ವೇಯರ್ ಕೊಡುವ ಡ್ರಾಯಿಂಗ್ ಯುಟಿಎಂನಲ್ಲಿದ್ದರೆ (ಭೂಮಿಯನ್ನು ವಲಯಗಳಾಗಿ ಹಂಚಿ ಸ್ಥಳವನ್ನು ಮೀಟರ್‌ಗಳಲ್ಲಿ ಹೇಳುವ ಪದ್ಧತಿ), 43ನೇ ವಲಯದಲ್ಲಿರುವ ಬೆಂಗಳೂರಿನ ನಡುಭಾಗದ ನಿವೇಶನಕ್ಕೆ ಪೂರ್ವದ ಅಂಕ ಸುಮಾರು 7,80,000 ಮೀಟರ್, ಉತ್ತರದ್ದು ಸುಮಾರು 14,35,000 ಮೀಟರ್ ಇರುತ್ತದೆ. ರೆವಿಟ್ ಆದರೋ ತನ್ನ ಆಂತರಿಕ ಮೂಲಬಿಂದುವಿನಿಂದ ಸುಮಾರು 16 ಕಿಲೋಮೀಟರ್ ಆಚೆಗಿನ ರೇಖೆಗಳನ್ನು ನೆಚ್ಚುವಂತೆ ನಿಭಾಯಿಸುವುದಿಲ್ಲ. ಆದ್ದರಿಂದ ಎ ಮತ್ತು 1 ಗ್ರಿಡ್‌ಗಳು (ಕಂಬಗಳ ಸ್ಥಾನ ಗುರುತಿಸುವ ರೇಖೆಗಳು) ಕೂಡುವೆಡೆ ಆ ಮೂಲಬಿಂದುವಿನ ಮೇಲೇ ಬರುವಂತೆ ಇಟ್ಟುಕೊಂಡು, ಸರ್ವೇ ಡ್ರಾಯಿಂಗನ್ನು ‘ಸೆಂಟರ್ ಟು ಸೆಂಟರ್’ ಲಿಂಕ್ ಮಾಡಿ, ಕಟ್ಟಡಕ್ಕೆ ಸರಿಹೊಂದುವಂತೆ ಸರಿಸಿ, ತಿರುಗಿಸಿ, ಆಮೇಲೆ ‘ಅಕ್ವೈರ್ ಕೋಆರ್ಡಿನೇಟ್ಸ್’ ಮೂಲಕ ನಿಜವಾದ ಅಂಕಗಳನ್ನು ಪಡೆಯಬೇಕು. ಆರ್ಕಿಟೆಕ್ಚರ್ ಮಾಡೆಲ್‌ನಲ್ಲಿ ಇದನ್ನು ಒಮ್ಮೆ ಮಾಡಿದರೆ ಉಳಿದವರು ಆ ಮಾಡೆಲನ್ನು ‘ಒರಿಜಿನ್ ಟು ಒರಿಜಿನ್’ ಲಿಂಕ್ ಮಾಡಿಕೊಂಡು ಅದರಿಂದಲೇ ಅಂಕಗಳನ್ನು ಪಡೆಯುತ್ತಾರೆ. ಲೆವೆಲ್, ಗ್ರಿಡ್‌ಗಳನ್ನೂ ‘ಕಾಪಿ/ಮಾನಿಟರ್’ನಿಂದ ತರಿಸಿಕೊಂಡರೆ ಮುಂದೆ ಯಾರಾದರೂ ಗ್ರಿಡ್ ಜರುಗಿಸಿದಾಗ ಎಚ್ಚರಿಕೆ ಸಿಗುತ್ತದೆ.

ಒಂದೇ ಮಾಡೆಲ್‌ನಲ್ಲಿ ಹಲವರು ಏಕಕಾಲಕ್ಕೆ ಕೆಲಸ ಮಾಡಲು ಬಿಡುವ ವರ್ಕ್‌ಶೇರಿಂಗ್ ಆರಂಭಿಸಿದಾಗ ರೆವಿಟ್ ತಾನೇ ಎರಡು ವರ್ಕ್‌ಸೆಟ್‌ಗಳನ್ನು (ಮಾಡೆಲ್‌ನ ಭಾಗಗಳ ಗುಂಪುಗಳನ್ನು) ಕೊಡುತ್ತದೆ: ‘ಶೇರ್ಡ್ ಲೆವೆಲ್ಸ್ ಅಂಡ್ ಗ್ರಿಡ್ಸ್’ ಮತ್ತು ‘ವರ್ಕ್‌ಸೆಟ್1’. ಆಟೋಕ್ಯಾಡ್‌ನಿಂದ ಬಂದವರಿಗೆ ಇವು ಲೇಯರ್‌ಗಳಂತೆ ಕಾಣುವುದು ಸಹಜವೇ. ನಾನೂ ಒಮ್ಮೆ ಗೋಡೆ, ಬಾಗಿಲು, ಕಿಟಕಿ ಎಂದು ಮೂವತ್ತು ವರ್ಕ್‌ಸೆಟ್ ಮಾಡಿಕೊಂಡು, ಅರ್ಧದಷ್ಟು ಬಾಗಿಲುಗಳು ಪೀಠೋಪಕರಣದ ವರ್ಕ್‌ಸೆಟ್‌ನಲ್ಲಿ ಸೇರಿಕೊಂಡದ್ದನ್ನು ಹೆಕ್ಕಿ ತೆಗೆಯಲು ಎರಡು ದಿನ ಕಳೆದಿದ್ದೇನೆ. ಹೊಸದಾಗಿ ಎಳೆದದ್ದೆಲ್ಲ ಆ ಹೊತ್ತಿಗೆ ಆಯ್ಕೆಯಾಗಿರುವ ವರ್ಕ್‌ಸೆಟ್‌ಗೇ ಹೋಗುತ್ತದೆ. ಅದನ್ನು ಬದಲಿಸಲು ಯಾರಿಗೂ ನೆನಪಿರುವುದಿಲ್ಲ. ಹೊರಕವಚ, ಕೋರ್, ಒಳಾಂಗಣ ಎಂಬಷ್ಟು ದೊಡ್ಡ ವಿಭಾಗಗಳು ಸಾಕು. ಆದರೆ ಪ್ರತಿ ಲಿಂಕ್‌ಗೂ ಪ್ರತ್ಯೇಕ ವರ್ಕ್‌ಸೆಟ್ ಇರಲಿ, ಆಗ ಬೇಡದ ಲಿಂಕ್ ಮುಚ್ಚಿಟ್ಟೇ ಫೈಲ್ ತೆರೆಯಬಹುದು. ಗ್ರಿಡ್‌ಗಳ ವರ್ಕ್‌ಸೆಟ್ ಮಾತ್ರ ಬಿಮ್ ಕೋಆರ್ಡಿನೇಟರ್ (ಎಲ್ಲ ಮಾಡೆಲ್‌ಗಳ ಹೊಂದಾಣಿಕೆ ನೋಡಿಕೊಳ್ಳುವವರು) ಹೆಸರಿನಲ್ಲೇ ಉಳಿಯಲಿ. ಅವರು ಬಿಟ್ಟುಕೊಡುವವರೆಗೂ ಬೇರೆಯವರ ಮೌಸ್ ಜಾರಿದರೂ ಗ್ರಿಡ್ ಕದಲದು.

ದಿನನಿತ್ಯ ಇಡೀ ತಂಡಕ್ಕೆ ಒಂದೇ ಆದ ಸೆಂಟ್ರಲ್ ಫೈಲನ್ನು ನೇರವಾಗಿ ತೆರೆದು ಕೆಲಸ ಮಾಡಬಾರದು. ನಿಮ್ಮ ಕಂಪ್ಯೂಟರ್‌ನಲ್ಲಿರುವ ನಿನ್ನೆಯ ಲೋಕಲ್ ಪ್ರತಿಯನ್ನೇ ಮುಂದುವರಿಸುವ ಬದಲು, ‘ಕ್ರಿಯೇಟ್ ನ್ಯೂ ಲೋಕಲ್’ ಗುರುತು ಹಾಕಿ ಬೆಳಿಗ್ಗೆ ಹೊಸ ಪ್ರತಿ ತೆಗೆಯುವುದು ಕ್ಷೇಮ. ಗಂಟೆಗೊಮ್ಮೆ ಸಿಂಕ್ ಮಾಡಿ, ಅಂದರೆ ನಿಮ್ಮ ಬದಲಾವಣೆಗಳನ್ನು ಸೆಂಟ್ರಲ್ ಫೈಲಿಗೆ ಸೇರಿಸಿ. ಸಂಜೆ ಆರಕ್ಕೆ ಎಲ್ಲರೂ ಒಟ್ಟಿಗೆ ಒತ್ತಿದರೆ ಸರದಿಯಲ್ಲಿ ಕಾಯಬೇಕಾಗುತ್ತದೆ. ಹೊರಡುವ ಮುನ್ನ ಹಿಡಿದುಕೊಂಡದ್ದನ್ನೆಲ್ಲ ‘ರಿಲಿಂಕ್ವಿಶ್’ ಮಾಡಿ ಬಿಟ್ಟುಕೊಡಬೇಕು, ಇಲ್ಲವಾದರೆ ಮರುದಿನ ನೀವು ರಜೆಯಲ್ಲಿದ್ದಾಗ ನಿಮ್ಮ ಸಹೋದ್ಯೋಗಿ ಒಂದು ಗೋಡೆಗಾಗಿ ಫೋನ್ ಮಾಡುತ್ತಾರೆ.

ತಂಡದ ಹೊರಗೆ ಹಂಚಲು ಕಟ್ಟಡ ಮಾಹಿತಿ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 19650 ಹೇಳುವ ನಾಲ್ಕು ಸ್ಥಿತಿಗಳನ್ನೇ ಫೋಲ್ಡರ್ ಮಾಡಿಕೊಳ್ಳಬಹುದು: ನಡೆಯುತ್ತಿರುವ ಕೆಲಸ, ಹಂಚಿದ್ದು, ಪ್ರಕಟಿಸಿದ್ದು, ದಾಸ್ತಾನು. ಹಂಚುವ ಫೈಲಿನ ಹೆಸರಿಗೆ ದಿನಾಂಕ ಸೇರಿಸಬೇಡಿ, ಹೆಸರು ಬದಲಾದರೆ ಎಲ್ಲರ ಲಿಂಕ್ ಕಡಿದುಹೋಗುತ್ತದೆ. ದಿನಾಂಕದ ಹೆಸರು ದಾಸ್ತಾನಿಗೆ ಮಾತ್ರ. ಟೆಕ್ಲಾದಂತಹ ಬೇರೆ ತಂತ್ರಾಂಶ ಬಳಸುವವರಿಗೆ, ತಂತ್ರಾಂಶಗಳ ನಡುವೆ ಮಾಡೆಲ್ ಹಂಚಿಕೊಳ್ಳಲೆಂದೇ ಇರುವ ಐಎಫ್‌ಸಿ ರೂಪದ ಫೈಲ್ ಕಳುಹಿಸಿ.

ವಾರಕ್ಕೊಮ್ಮೆ ‘ಆಡಿಟ್’ (ಫೈಲಿನ ದೋಷ ತಪಾಸಣೆ) ಗುರುತಿನೊಂದಿಗೆ ತೆರೆದು, ಸಿಂಕ್ ವೇಳೆ ‘ಕಾಂಪ್ಯಾಕ್ಟ್’ ಮಾಡುವುದರಿಂದ ಫೈಲ್ ಹಗುರವಾಗುತ್ತದೆ. ರೆವಿಟ್‌ನ ಹೊಸ ಆವೃತ್ತಿಗೆ ಏರುವುದಿದ್ದರೆ ಸ್ಟ್ರಕ್ಚರ್, ಎಂಇಪಿ ತಂಡಗಳೂ ಸೇರಿ ಒಂದೇ ದಿನ ಏರಬೇಕು, ಏಕೆಂದರೆ ಹೊಸದರಲ್ಲಿ ಉಳಿಸಿದ ಫೈಲನ್ನು ಹಳೆಯದು ತೆರೆಯುವುದಿಲ್ಲ.