ಕೈಯಲ್ಲಿರುವುದು ಎರಡೇ ದಿನ: ಗೈಡ್ ಟೂರ್ ಆರಿಸುವುದು ಹೇಗೆ?

ರೋಮ್‌ಗೆ ಎರಡು ದಿನ, ಇಸ್ತಾಂಬುಲ್‌ಗೆ ಒಂದೂವರೆ ದಿನ. ಹೆಚ್ಚಿನವರ ಪ್ರವಾಸ ಇಷ್ಟರಲ್ಲೇ ಮುಗಿಯುತ್ತದೆ. ಟೂರ್ ಬುಕ್ ಮಾಡಲು ಕೂತರೆ ನೂರಾರು ಹೆಸರು ಎದುರಿಗೆ ಬರುತ್ತವೆ. ಎಲ್ಲಕ್ಕೂ ನಾಲ್ಕೂವರೆ ಸ್ಟಾರ್, ಎಲ್ಲ ಫೋಟೊದಲ್ಲೂ ನಗುಮುಖ. ಇದರಲ್ಲಿ ಯಾವುದನ್ನು ಆರಿಸುವುದು?

ನಾನಂತೂ ಟೂರ್‌ಗಳ ಪಟ್ಟಿ ತೆರೆಯುವ ಮೊದಲು ಕ್ಯಾಲೆಂಡರ್ ತೆರೆಯುತ್ತೇನೆ.

ಮೊದಲು ವಾರದ ರಜೆ ನೋಡಿ

ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ. ಅಲ್ಲೇ ಊರಾಚೆ ಇರುವ ವರ್ಸೈ ಅರಮನೆಗೆ ಸೋಮವಾರ. ಫ್ಲಾರೆನ್ಸ್‌ನ ಉಫಿಝಿ ಕಲಾ ಗ್ಯಾಲರಿಗೂ ಸೋಮವಾರವೇ. ಇಸ್ತಾಂಬುಲ್‌ನ ತೋಪ್ಕಾಪಿ ಅರಮನೆ ಮಂಗಳವಾರ ಬಾಗಿಲು ಹಾಕಿರುತ್ತದೆ. ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ಬೆಳಿಗ್ಗೆ ಪುಕ್ಕಟೆ ಬಿಡುತ್ತಾರೆ. ಅವತ್ತಿನ ಕ್ಯೂ ನೋಡಿದರೆ ದುಡ್ಡು ಕೊಟ್ಟೇ ಬರಬಹುದಿತ್ತು ಅನ್ನಿಸುತ್ತದೆ.

ನೀವು ಇರುವುದೇ ಎರಡು ದಿನ, ಅದರಲ್ಲೊಂದು ರಜೆಯ ದಿನವಾದರೆ ಅರ್ಧ ಪ್ಲ್ಯಾನ್ ತಾನಾಗೇ ತೀರ್ಮಾನವಾದಂತೆ. ರಜೆಯ ದಿನವೂ ಟೂರ್ ಮಾರುವವರಿದ್ದಾರೆ, ಹುಷಾರು. 'ಹೊರಗಿನಿಂದ ವೀಕ್ಷಣೆ' ಎಂದು ಎಲ್ಲೋ ಸಣ್ಣದಾಗಿ ಬರೆದಿರುತ್ತಾರೆ. ಗೋಡೆ ನೋಡುವುದಕ್ಕೆ ಟೂರ್ ಬೇಕಾ?

ಗೈಡ್ ಎಲ್ಲಿ ಬೇಕು, ಎಲ್ಲಿ ಬೇಡ

ಎಲ್ಲ ಕಡೆಗೂ ಗೈಡ್ ಬೇಕಿಲ್ಲ. ನೋಡಬೇಕೆಂದಿರುವ ಜಾಗಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಒಂದೊಂದರ ಮುಂದೆ ಬೇಕು, ಬೇಡ ಎಂದು ಗುರುತು ಹಾಕಿ.

ಕೆಲವು ಕಡೆ ಗೈಡ್ ಇಲ್ಲದೆ ಒಳಗೇ ಬಿಡುವುದಿಲ್ಲ. ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಬೆಸಿಲಿಕಾದ ಕೆಳಗೆ ಅಗೆದು ತೆಗೆದ ರೋಮನ್ ಕಾಲದ ಸಮಾಧಿಗಳು ಹಾಗೆ. ಎಡಿನ್‌ಬರೋದಲ್ಲಿ ನೆಲದಡಿ ಉಳಿದಿರುವ ಮೇರಿ ಕಿಂಗ್ಸ್ ಕ್ಲೋಸ್ ಓಣಿಯೂ ಹಾಗೇ. ಇವು ಪಟ್ಟಿಯಲ್ಲಿದ್ದರೆ ಮೊದಲು ಇವನ್ನೇ ಬುಕ್ ಮಾಡಿ, ಮಿಕ್ಕಿದ್ದನ್ನು ಇವುಗಳ ಸುತ್ತ ಹೊಂದಿಸಿ.

ಇನ್ನು ಕೆಲವು ಕಡೆ ಗೈಡ್‌ಗೆ ಕೊಟ್ಟ ದುಡ್ಡು ನಿಜವಾಗಿ ಕೈಗೆ ಹತ್ತುತ್ತದೆ. ರೋಮ್‌ನ ಫೋರಂ, ಅಂದರೆ ಪ್ರಾಚೀನ ಊರಿನ ನಡುವಿನ ಚೌಕ, ನೋಡಿ. ಮುರಿದ ಕಂಬ, ಅರ್ಧ ಗೋಡೆ, ಹುಲ್ಲು. ಗೊತ್ತಿಲ್ಲದವರು ಹತ್ತು ನಿಮಿಷದಲ್ಲಿ ಆಚೆ ಬರುತ್ತಾರೆ. ಇಲ್ಲಿ ಸೆನೆಟ್ ಕೂಡುತ್ತಿತ್ತು, ಇಲ್ಲಿ ಸೀಸರ್‌ನ ಚಿತೆ ಉರಿಯಿತು ಎಂದು ಯಾರಾದರೂ ಕೈ ತೋರಿಸಿ ಹೇಳಿದರೆ ಅದೇ ಕಲ್ಲುಗಳ ಮುಂದೆ ಒಂದೂವರೆ ಗಂಟೆ ಸರಿದದ್ದೇ ಗೊತ್ತಾಗುವುದಿಲ್ಲ. ಪಾಳುಬಿದ್ದ ಜಾಗ ಎಷ್ಟು ಜಾಸ್ತಿಯೋ ಗೈಡ್‌ನ ಅಗತ್ಯವೂ ಅಷ್ಟು ಜಾಸ್ತಿ. ಇದು ನನ್ನ ಲೆಕ್ಕ.

ಗೈಡ್ ಇದ್ದರೂ ಮಾತಾಡಲು ಆಗದ ಜಾಗಗಳೂ ಇವೆ. ವ್ಯಾಟಿಕನ್ ಮ್ಯೂಸಿಯಂನ ಸಿಸ್ಟೀನ್ ಚಾಪೆಲ್‌ನಲ್ಲಿ ಮೌನ ಕಡ್ಡಾಯ. ಗೈಡ್‌ಗಳು ಹೊರಗಿನ ಅಂಗಳದಲ್ಲೇ ಚಿತ್ರಫಲಕ ತೋರಿಸಿ ಕಥೆಯೆಲ್ಲ ಹೇಳಿ ಒಳಗೆ ಕಳಿಸುತ್ತಾರೆ. ಆಮ್‌ಸ್ಟರ್‌ಡ್ಯಾಮ್‌ನ ನಾಜಿಗಳಿಂದ ಅಡಗಿ ಡೈರಿ ಬರೆದ ಹುಡುಗಿ ಆನ್ ಫ್ರಾಂಕ್ ಮನೆಯೊಳಗೆ ಗೈಡ್ ಟೂರ್ ಇಲ್ಲವೇ ಇಲ್ಲ. ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ ಸಿಗುತ್ತದೆ. ಪ್ರತಿ ಮಂಗಳವಾರ, ಆರು ವಾರ ಮುಂದಿನ ದಿನಗಳಿಗೆ ಬಿಡುತ್ತಾರೆ. ಅದರ ಹೆಸರು ಹಾಕಿದ ವಾಕಿಂಗ್ ಟೂರ್ ಕಂಡರೆ, ಮನೆಯ ಒಳಗೆ ಹೋಗುತ್ತೀರಾ ಎಂದು ಕೇಳಿಯೇ ದುಡ್ಡು ಕಟ್ಟಿ.

ಒಂದು ಚಿಕ್ಕ ಭಾಗಾಕಾರ

'ಮೂರು ಗಂಟೆಯಲ್ಲಿ 12 ಸ್ಥಳ' ಎಂದು ಬರೆದಿರುತ್ತಾರೆ. ಭಾಗಿಸಿ ನೋಡಿ. ಒಂದಕ್ಕೆ 15 ನಿಮಿಷ. ಅದರಲ್ಲೇ ನಡಿಗೆ, ರಸ್ತೆ ದಾಟುವುದು, ಶೌಚಾಲಯಕ್ಕೆ ಹೋದವರಿಗಾಗಿ ಕಾಯುವುದು. ಕೊನೆಗೆ ಸ್ಥಳಕ್ಕೆ ಐದು ನಿಮಿಷ ಉಳಿದರೆ ಪುಣ್ಯ. ಮೂರು ಗಂಟೆಗೆ ಮೂರೋ ನಾಲ್ಕೋ ಜಾಗ ಇರುವ ಟೂರ್ ಪಟ್ಟಿಯಲ್ಲಿ ಬಡವಾಗಿ ಕಾಣುತ್ತದೆ, ನೆನಪಿನಲ್ಲಿ ಉಳಿಯುವುದು ಅದೇ. ಮೂರು ಗಂಟೆ ದಾಟಿದರೆ ಕಾಲೂ ಕೇಳುವುದಿಲ್ಲ, ಕಿವಿಯೂ ಕೇಳುವುದಿಲ್ಲ.

ಗುಂಪಿನ ಗಾತ್ರವನ್ನೂ ಕೇಳಿ. ನಾನೊಮ್ಮೆ ನಲವತ್ತಕ್ಕೂ ಜಾಸ್ತಿ ಜನರ ಗುಂಪಿನಲ್ಲಿ ಸಿಕ್ಕಿಕೊಂಡಿದ್ದೆ. ದಿನವಿಡೀ ಕಂಡಿದ್ದು ಗೈಡ್ ಎತ್ತಿ ಹಿಡಿದ ಹಳದಿ ಛತ್ರಿ. ಕೇಳಿಸಿದ್ದು ತಲೆ ಎಣಿಸುವ ದನಿ. ಊರುಗಳಿಗೂ ಇದು ಸಾಕಾಗಿದೆ. ಆಮ್‌ಸ್ಟರ್‌ಡ್ಯಾಮ್‌ನ ನಡುಭಾಗದಲ್ಲಿ ಒಂದು ಗುಂಪಿಗೆ 15 ಜನರ ಮಿತಿ ಇದೆ. ವೆನಿಸ್ 2024ರಲ್ಲಿ 25 ಜನರ ಮಿತಿ ತಂದಿತು, ಧ್ವನಿವರ್ಧಕವನ್ನೂ ನಿಷೇಧಿಸಿತು. 'ಸ್ಮಾಲ್ ಗ್ರೂಪ್' ಎಂಬ ಮಾತನ್ನು ನಂಬಬೇಡಿ, ಅದು ಒಬ್ಬೊಬ್ಬರಿಗೆ ಒಂದೊಂದು. ಗರಿಷ್ಠ ಎಷ್ಟು ಜನ ಎಂದು ನೇರವಾಗಿ ಕೇಳಿ. ಹದಿನೈದರ ಒಳಗಿದ್ದರೆ ಚೆನ್ನ. ಅದಕ್ಕಿಂತ ಜಾಸ್ತಿ ಇದ್ದರೆ ಹೆಡ್‌ಸೆಟ್ ಕೊಡುತ್ತಾರಾ ಎಂದು ವಿಚಾರಿಸಿ.

ಟಿಕೆಟ್‌ನಲ್ಲಿ ಏನಿದೆ?

'ಸ್ಕಿಪ್ ದಿ ಲೈನ್' ಅಂದರೆ ಟಿಕೆಟ್ ಕೌಂಟರಿನ ಸಾಲು ತಪ್ಪುತ್ತದೆ, ಅಷ್ಟೇ. ಬ್ಯಾಗ್ ತಪಾಸಣೆಯ ಸಾಲಿನಲ್ಲಿ ಎಲ್ಲರೂ ನಿಲ್ಲಲೇಬೇಕು. ಕೊಲೋಸಿಯಂನ ಮಾಮೂಲಿ ಟಿಕೆಟ್‌ನಲ್ಲಿ ಫೋರಂ ಮತ್ತು ಪ್ಯಾಲಟೈನ್ ಗುಡ್ಡ ಸೇರಿರುತ್ತವೆ. ನೆಲಮಾಳಿಗೆ ಸೇರಿರುವುದಿಲ್ಲ, ಅದಕ್ಕೆ ಬೇರೆ ಟಿಕೆಟ್. ಟಿಕೆಟ್ ಮೇಲೆ ನಿಮ್ಮ ಹೆಸರು ಇರುತ್ತದೆ, ಆದ್ದರಿಂದ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಹೆಸರು ಕೊಡಿ. ಸ್ಪೇನ್‌ನ ಗ್ರನಾಡಾದ ಅಲ್‌ಹಂಬ್ರಾದಲ್ಲಿ ನಸ್ರಿದ್ ಅರಮನೆಗಳಿಗೆ ಹೋಗುವ ಗಂಟೆ ಟಿಕೆಟ್‌ನಲ್ಲೇ ಅಚ್ಚಾಗಿರುತ್ತದೆ. ಅದು ತಪ್ಪಿದರೆ ತಪ್ಪಿದಂತೆಯೇ.

ಟೂರ್‌ನ ಪುಟ ಹಳೆಯದಾ ಹೊಸದಾ ಎಂದು ಪರೀಕ್ಷಿಸಲು ಇಸ್ತಾಂಬುಲ್‌ನಲ್ಲಿ ಒಂದು ಸುಲಭ ದಾರಿ ಇದೆ. ಮ್ಯೂಸಿಯಂ ಆಗಿದ್ದ ಹಾಗಿಯಾ ಸೋಫಿಯಾ 2020ರಲ್ಲಿ ಮತ್ತೆ ಮಸೀದಿಯಾಯಿತು. 2024ರ ಜನವರಿಯಿಂದ ವಿದೇಶಿ ಪ್ರವಾಸಿಗರಿಗೆ ಟಿಕೆಟ್ ಇದೆ, ಮೇಲಿನ ಗ್ಯಾಲರಿಗೆ ಮಾತ್ರ ಬಿಡುತ್ತಾರೆ. ಟೂರ್ ವಿವರಣೆಯಲ್ಲಿ ಇನ್ನೂ 'ಉಚಿತ ಪ್ರವೇಶ, ಗುಮ್ಮಟದ ಕೆಳಗೆ ನಿಂತು ನೋಡಿ' ಎಂದಿದ್ದರೆ ಆ ಪುಟವನ್ನು ಯಾರೂ ತಿದ್ದಿಲ್ಲ ಎಂದರ್ಥ. ಉಳಿದದ್ದನ್ನು ಹೇಗೆ ನಡೆಸುತ್ತಾರೋ ನೀವೇ ಊಹಿಸಿ.

ರಿವ್ಯೂ ಓದುವ ಬಗೆ

ಐದು ಸ್ಟಾರ್‌ನವು ಸುಮ್ನೆ ಹೊಗಳುತ್ತವೆ, ಒಂದು ಸ್ಟಾರ್‌ನವು ಸುಮ್ನೆ ಬೈಯುತ್ತವೆ. ಮೂರು ಸ್ಟಾರ್‌ನವನ್ನು ಓದಿ. 'ಹಿಂದೆ ನಿಂತವರಿಗೆ ಕೇಳಿಸಲಿಲ್ಲ', 'ಅಂಗಡಿಯಲ್ಲಿ ಮುಕ್ಕಾಲು ಗಂಟೆ ಹೋಯಿತು' ಎಂಬ ನಿಜಗಳು ಅಲ್ಲೇ ಸಿಗುವುದು. ಕಾರ್ಯಕ್ರಮದಲ್ಲಿ 'ಕರಕುಶಲ ಕೇಂದ್ರಕ್ಕೆ ಭೇಟಿ' ಎಂದಿದ್ದರೆ ಅದೂ ಅಂಗಡಿಯೇ, ಅಲ್ವಾ? ಒಬ್ಬ ಗೈಡ್‌ನ ಹೆಸರು ಮತ್ತೆ ಮತ್ತೆ ಬಂದರೆ ಬರೆದಿಟ್ಟುಕೊಂಡು, ಬುಕ್ ಮಾಡುವಾಗ ಅವರೇ ಬೇಕು ಎಂದು ಕೇಳಿ. ಕಂಪನಿಗಿಂತ ಗೈಡ್ ಮುಖ್ಯ. ಲೈಸೆನ್ಸ್ ಇರುವ ಗೈಡಾ ಎಂದೂ ಕೇಳಿ.

'ಫ್ರೀ ವಾಕಿಂಗ್ ಟೂರ್'ಗಳಲ್ಲಿ ಗೈಡ್‌ನ ಸಂಪಾದನೆ ಎಂದರೆ ನೀವು ಕೊಡುವ ಟಿಪ್. ಅದನ್ನು ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಂಡೇ ಹೋಗಿ. ಅವು ಬೀದಿಯಲ್ಲೇ ಸುತ್ತುತ್ತವೆ, ಟಿಕೆಟ್ ಇರುವ ಜಾಗದ ಒಳಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಬೇಕಾದ ಕಡೆ ಹತ್ತಿ ಇಳಿಯುವ ಪ್ರವಾಸಿ ಬಸ್ಸುಗಳು ಹಳೆಪೇಟೆಯ ಓಣಿಗಳಿಗೆ ನುಗ್ಗಲಾರವು. ಮಂಡಿನೋವಿನವರು ಜೊತೆಗಿದ್ದರೆ ಮಾತ್ರ ನಾನು ಅದನ್ನು ಹತ್ತುತ್ತೇನೆ.

ದಿನಕ್ಕೆ ಹೊಂದಿಸುವುದು

ಊರಿಗೆ ಬಂದಿಳಿಯುವ ದಿನ ಯಾವ ಟೂರನ್ನೂ ಇಟ್ಟುಕೊಳ್ಳಬೇಡಿ, ವಿಮಾನವನ್ನು ನಂಬಲಾಗದು. ಮರುದಿನ ಬೆಳಿಗ್ಗೆ ಬೇಗ ಒಂದು ವಾಕಿಂಗ್ ಟೂರ್ ಮಾಡಿ. ಊರಿನ ದಿಕ್ಕು ತಿಳಿಯುತ್ತದೆ, ಆಮೇಲೆ ನೀವೇ ಅಲೆಯಬಹುದು. ಮಧ್ಯಾಹ್ನ ಖಾಲಿ ಬಿಡಿ. ಅದರ ಮರುದಿನ ಟಿಕೆಟ್ ಇರುವ ಒಂದು ದೊಡ್ಡ ಜಾಗ, ಗೈಡ್ ಜೊತೆ. ಎರಡು ದಿನಕ್ಕೆ ಎರಡು ಟೂರ್ ಸಾಕು. ಮೂರನೆಯದು ಬೇಕೇ ಬೇಕು ಅನ್ನಿಸಿದರೆ, 24 ಗಂಟೆ ಮೊದಲು ರದ್ದು ಮಾಡಿದರೂ ದುಡ್ಡು ವಾಪಸ್ ಬರುವಂಥದ್ದನ್ನು ಆರಿಸಿ.

ಸೇರುವ ಜಾಗ ಎಷ್ಟೋ ಸಲ ಸ್ಮಾರಕದ ಬಾಗಿಲಲ್ಲಿ ಇರುವುದಿಲ್ಲ, ಪಕ್ಕದ ಬೀದಿಯ ಯಾವುದೋ ಪ್ರತಿಮೆಯ ಕೆಳಗಿರುತ್ತದೆ. ಹಿಂದಿನ ಸಂಜೆಯೇ ಒಮ್ಮೆ ಆ ಕಡೆ ಹಾದು ಬನ್ನಿ. ಗೈಡ್‌ನ ಫೋನ್ ನಂಬರ್ ಬರೆದುಕೊಳ್ಳಿ, ಛತ್ರಿಯ ಬಣ್ಣವನ್ನೂ ಕೇಳಿಟ್ಟುಕೊಳ್ಳಿ. ಬೆಳಿಗ್ಗೆ ಒಂಬತ್ತಕ್ಕೆ ಆ ಪ್ರತಿಮೆಯ ಕೆಳಗೆ ಐದಾರು ಛತ್ರಿಗಳಾದರೂ ಇರುತ್ತವೆ.